ಒದೆಯದ ಗೋಡೆ

ವಿಜಯಪುರ
22 ಜೂನ್ 2025

ಪ್ರೀತಿಯ ಸಪ್ನಾ,

"ನೀರು ಯಾರ ಗುರುತನ್ನೂ ಇಟ್ಟುಕೊಳ್ಳುವುದಿಲ್ಲ." ಧಾರವಾಡದಲ್ಲಿ ಎಂ.ಎ. ಓದುವಾಗ ಯಾರೋ ಓದಿ ಹೇಳಿದ ಕವಿತೆಯ ಸಾಲು. ಅದರ ಹಿಂದೊಂದು ಸಾಲಿತ್ತು, ಮುಂದೊಂದಿತ್ತು; ಎರಡೂ ಮರೆತಿವೆ. ಬರೆದವರು ಯಾರೆಂಬುದೂ ನೆನಪಿಲ್ಲ. ನಿನ್ನನ್ನು ಬೆಳಗಾವಿಯ ಈಜು ಹಾಸ್ಟೆಲಿನಲ್ಲಿ ಬಿಟ್ಟು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಇದೊಂದೇ ಸಾಲು ತಲೆಯಲ್ಲಿ ಸುತ್ತುತ್ತಿತ್ತು. ಮೊದಲು ಸಮಾಧಾನದ ಮಾತೆನಿಸಿತು. ಲೋಕಾಪುರ ದಾಟುವ ಹೊತ್ತಿಗೆ ಸಂಶಯ ಬಂತು. ನೀರು ಇಟ್ಟುಕೊಳ್ಳಲಿಕ್ಕಿಲ್ಲ, ಸರಿ. ನೀರಿಗಿಳಿದವರು? ಕವಿಗೆ ಈಜು ಬರುತ್ತಿರಲಿಲ್ಲವೇನೋ.

ನಿಮ್ಮಪ್ಪ ಪಕ್ಕದಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಮುಧೋಳದ ಹತ್ತಿರ ಕಣ್ಣು ಮುಚ್ಚಿಕೊಂಡೇ, "ಅಕಿ ಟವೆಲ್ ನಮ್ಮ ಚೀಲದಾಗ ಉಳದೈತಿ" ಅಂದರು. ಟವೆಲ್ಲನ್ನು ಈ ಪತ್ರದ ಜೊತೆಗೇ ಪಾರ್ಸೆಲ್ ಮಾಡುತ್ತಿದ್ದೇನೆ.

ಮನೆ ಮುಟ್ಟಿ ಬೀಗ ತೆಗೆಯುವಾಗ ಪಕ್ಕದ ಮನೆಯ ನೀಲಾಬಾಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಮಗಳನ್ನ ನೀರಾಗ ಬಿಟ್ಟು ಬಂದೇನ ಬೇ?" ಎಂದಳು. ನಕ್ಕೆ. ಒಳಗೆ ಬಂದು ಕೊಡದ ನೀರು ಬಗ್ಗಿಸಿ ಎರಡು ಲೋಟ ಕುಡಿದೆ.

ನಿನಗೆ ಫೋನು ಇಲ್ಲ, ಭಾನುವಾರ ಹತ್ತು ನಿಮಿಷ ಮಾತ್ರ ಎಂದು ಹಾಸ್ಟೆಲಿನವರು ಹೇಳಿದಾಗ ನೀನು ಮುಖ ಸಣ್ಣ ಮಾಡಿದೆ. ನನಗೆ ಒಳಗೊಳಗೆ ಹಗುರಾಯಿತು, ನಿಜ ಹೇಳುತ್ತೇನೆ. ಫೋನಿನಲ್ಲಿ ನಾವಿಬ್ಬರೂ "ಊಟ ಆತೇನು", "ಆತು" ಅನ್ನುವುದರಲ್ಲೇ ಹತ್ತು ನಿಮಿಷ ಮುಗಿಸುವವರು. ಬರೆಯಲು ಕೂತರೆ ಬೇರೆ ಏನಾದರೂ ಬಂದೀತು.

ನಾಳೆಯಿಂದ ನನಗೆ ಕೆಲಸ, ಬಬಲೇಶ್ವರದ ನಮ್ಮ ಕಾಲೇಜಿನ ಗ್ರಂಥಾಲಯ ತೆರೆಯುತ್ತದೆ. ದಿನಾ ಬಬಲೇಶ್ವರದ ಬಸ್ಸಿನಲ್ಲಿ ಒಂದು ನಿಲ್ದಾಣದಿಂದ ಮುಂದಿನದಕ್ಕೆ ಉಸಿರು ಹಿಡಿದು ನೋಡಬೇಕೆಂದುಕೊಂಡಿದ್ದೇನೆ. ನಿನ್ನ ಕಷ್ಟ ಎಷ್ಟೆಂದು ತಿಳಿಯಲಿ ಅಂತ.

ಅಲ್ಲಿಯ ನೀರು ಹೇಗಿದೆ? ತಣ್ಣಗಿದೆಯೆ?

ನಿನ್ನ ಅವ್ವ,
ಮಹಾನಂದಾ


ಬೆಳಗಾವಿ
6 ಜುಲೈ 2025

ಅವ್ವಾ,

ಟವೆಲ್ ಮುಟ್ಟಿತು. ಅದರೊಳಗೆ ಸುತ್ತಿಟ್ಟ ಶೇಂಗಾ ಹೋಳಿಗೆ ನನಗೆ ಮುಟ್ಟಲಿಲ್ಲ. ಕೋಣೆಯ ಹುಡುಗಿಯರು ಮೊದಲೇ ತೆಗೆದು ತಿಂದಿದ್ದರು. ಇನ್ನೊಮ್ಮೆ ಕಳಿಸುವಾಗ ಪುಸ್ತಕದಲ್ಲಿ ಸುತ್ತಿ ಕಳಿಸು, ಪುಸ್ತಕ ಯಾರೂ ಬಿಚ್ಚುವುದಿಲ್ಲ.

ನೀರು ತಣ್ಣಗಿದೆ. ಬೆಳಿಗ್ಗೆ ಐದೂವರೆಗೆ ಇಳಿಸುತ್ತಾರೆ. ನಮ್ಮ ಕೋಚ್ ತರನ್ನುಮ ಮೇಡಂ ಹುಬ್ಬಳ್ಳಿಯವರು. ಸೀಟಿ ಊದುವುದಿಲ್ಲ, ಹೆಸರು ಹಿಡಿದೇ ಕೂಗುತ್ತಾರೆ. ನೀರಿನೊಳಗಿದ್ದರೂ ಕೇಳಿಸುತ್ತದೆ.

ನಾನು ಇನ್ನೂರು ಮೀಟರ್ ಫ್ರೀಸ್ಟೈಲ್. ಐವತ್ತು ಮೀಟರಿನ ಕೊಳ, ಅಂದರೆ ಮೂರು ಸಲ ಗೋಡೆಯ ಹತ್ತಿರ ತಿರುಗಬೇಕು. ಗೋಡೆಗೆ ಐದು ಮೀಟರ್ ಇರುವಾಗ ಮೇಲೆ ಸಣ್ಣ ಸಣ್ಣ ಬಾವುಟ ಕಟ್ಟಿರುತ್ತಾರೆ. ಬಾವುಟ ದಾಟಿದ ಮೇಲೆ ತಲೆ ಎತ್ತಬಾರದು, ಉಸಿರು ತೆಗೆದುಕೊಳ್ಳಬಾರದು. ಮೂಗಿನಿಂದ ಉಸಿರು ಬಿಡುತ್ತಾ ಪಲ್ಟಿ ಹೊಡೆದು, ಎರಡೂ ಪಾದ ಗೋಡೆಗೆ ಊರಿ, ಜೋರಾಗಿ ಒದ್ದು, ನೀರಿನೊಳಗೇ ಬಾಣದ ಹಾಗೆ ಹೋಗಬೇಕು. ಮೇಲೆ ಬಂದ ಮೇಲೂ ಮೊದಲ ಸಲ ಕೈ ಬೀಸುವಾಗ ಉಸಿರಿಲ್ಲ, ಎರಡನೆಯ ಸಲಕ್ಕೆ.

ಎಲ್ಲಾ ಗೊತ್ತು ಅವ್ವಾ. ಆದರೆ ಬಾವುಟ ಕಂಡ ಕೂಡಲೇ ನನ್ನ ತಲೆ ತಾನೇ ಮೇಲೇಳುತ್ತದೆ. ಗೋಡೆಯಿಂದ ದೂರವೇ ಪಲ್ಟಿ ಹೊಡೆಯುತ್ತೇನೆ. ಪಾದ ಗೋಡೆಗೆ ಸವರಿದ ಹಾಗಾಗುತ್ತದೆ, ಅಷ್ಟೆ. ಮೇಡಂ ದಂಡೆಯ ಮೇಲಿಂದ, "ಗ್ವಾಡಿ ಕಂಡ್ರ ಅತ್ತಿ ಕಂಡಂಗ ಮಾಡ್ತಿಯಲ್ಲಲೇ!" ಎಂದು ಕೂಗಿದರು. ಎಲ್ಲರೂ ನಕ್ಕರು. ಉಸಿರನ್ನೂ ನೀರಿನೊಳಗೆ ಬಿಡುವುದಿಲ್ಲವಂತೆ ನಾನು. "ಗಂಟ ಕಟ್ಟಿ ಇಟ್ಕೊಂಡಿಯೇನ ಉಸರ? ಬಿಡ ಹೊರಗ!"

ಪ್ರತಿ ತಿರುವಿಗೆ ಒಂದೂವರೆ ಸೆಕೆಂಡು ಹೋಗುತ್ತಿದೆಯಂತೆ. ಈಗ ನನ್ನ ಸಮಯ ಎರಡು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು. ಡಿಸೆಂಬರಿನ ಆಯ್ಕೆ ಸ್ಪರ್ಧೆಯಲ್ಲಿ ಎರಡು ಇಪ್ಪತ್ತೈದರ ಒಳಗೆ ಬರದಿದ್ದರೆ ಹಾಸ್ಟೆಲ್ ಬಿಡಬೇಕು. ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ.

ಬಸ್ಸಿನಲ್ಲಿ ಉಸಿರು ಹಿಡಿಯಬೇಡ, ಜನ ಏನಂದುಕೊಂಡಾರು.

ಸಪ್ನಾ


ವಿಜಯಪುರ
15 ಜುಲೈ 2025

ಪ್ರೀತಿಯ ಸಪ್ನಾ,

ನಿನ್ನ ಪತ್ರವನ್ನು ನಿಮ್ಮಪ್ಪನಿಗೆ ಅಂಗಡಿಯಲ್ಲೇ ಓದಿ ಹೇಳಿದೆ. ಯಾರದೋ ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ಸೊಲ್ಲಾಪುರ ರಸ್ತೆಯ ಲಾರಿಗಳ ಸದ್ದಿನಲ್ಲಿ ಅರ್ಧ ಕೇಳಿಸಿತೋ ಇಲ್ಲವೋ ಅಂದುಕೊಂಡೆ. "ಪಾದ ಗೋಡೆಗೆ ಸವರಿದ ಹಾಗಾಗುತ್ತದೆ" ಎನ್ನುವಲ್ಲಿ ಕೈ ನಿಂತಿತು. ತಂತಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಪತ್ರ ಮಡಚಿದೆ.

ಗ್ರಂಥಾಲಯದಲ್ಲಿ ಶರೀರಶಾಸ್ತ್ರದ ಒಂದು ಹಳೆಯ ಪುಸ್ತಕವಿದೆ, ನಾಲ್ಕು ದಿನ ಅದನ್ನೇ ಓದಿದೆ. ಉಸಿರು ಹಿಡಿದಾಗ ನಮ್ಮನ್ನು ಕಂಗೆಡಿಸುವುದು ಗಾಳಿ ಸಾಲದ್ದಲ್ಲವಂತೆ, ಹೊರಗೆ ಹೋಗಬೇಕಾದದ್ದು ಒಳಗೇ ಉಳಿದದ್ದಂತೆ. ಅದಕ್ಕೇ ನಿಮ್ಮ ಮೇಡಂ ಬಿಡು ಬಿಡು ಎನ್ನುವುದು. ಬಕೆಟ್ಟಿನಲ್ಲಿ ಮುಖ ಇಟ್ಟು ಗುಳ್ಳೆ ಬಿಟ್ಟು ನೋಡು. ತಲೆ ಗೋಡೆಗೆ ಬಡಿದೀತೆಂಬ ಹೆದರಿಕೆ ಇರಬಹುದು, ಬಾವುಟದಿಂದ ಗೋಡೆಗೆ ಎಷ್ಟು ಕೈ ಎಂದು ಎಣಿಸಿಟ್ಟುಕೋ. ಹಳೆಯ ಅಭ್ಯಾಸ ಏನಾದರೂ ಇದ್ದರೆ ಅದು ಹೊಸ ನೀರಿನಲ್ಲಿ ತಾನಾಗಿ ಬಿಟ್ಟು ಹೋಗುತ್ತದೆ. ಹಿಂದಿನದನ್ನು ಯೋಚಿಸುತ್ತ ಕೂರಬೇಡ.

ನನಗೆ ಒಂದು ಕಡೆ ಕೂತರೆ ಆಗುತ್ತಿಲ್ಲ. ಪುಸ್ತಕಗಳನ್ನು ಒಂದು ಕಪಾಟಿನಿಂದ ತೆಗೆದು ಇನ್ನೊಂದಕ್ಕೆ ಜೋಡಿಸುತ್ತೇನೆ, ಮರುದಿನ ಮತ್ತೆ ಅಲ್ಲಿಗೇ ತರುತ್ತೇನೆ. ಜವಾನ ಅಮಸಿದ್ದ, "ಪುಸ್ತಕಕ್ಕ ದಣಿವಾಗೈತ್ರಿ ಮೇಡಂ, ಕುಂದ್ರಸ್ರಿ ಅವನ್ನ" ಅಂದ.

ಇನ್ನೊಂದು ಮಾತು ಬರೆಯಬೇಕೆಂದಿದ್ದೆ. ಮುಂದಿನ ಸಲ ಬರೆಯುತ್ತೇನೆ.

ನಿನ್ನ ಅವ್ವ


ಬೆಳಗಾವಿ
24 ಆಗಸ್ಟ್ 2025

ಶ್ರೀಮತಿ ಮಹಾನಂದಾ ಅವರಿಗೆ,

ನಮಸ್ಕಾರ. ನಾನು ಸಪ್ನಾಳ ತರಬೇತುದಾರಳು. ಪಾಲಕರಿಗೆ ನಾನು ಪತ್ರ ಬರೆಯುವುದು ಕಡಿಮೆ. ನೀವು ಮಗಳಿಗೆ ಬರೆಯುವವರು ಎಂದು ಗೊತ್ತಾಗಿ ಬರೆಯುತ್ತಿದ್ದೇನೆ.

ಹದಿಮೂರು ವರ್ಷ ಮಕ್ಕಳಿಗೆ ಈಜು ಕಲಿಸಿದ್ದೇನೆ. ತಿರುವು ಬರದ ಮಕ್ಕಳು ಬೇಕಾದಷ್ಟು ಜನ. ಕೆಲವರಿಗೆ ಪಲ್ಟಿಯಲ್ಲಿ ದಿಕ್ಕು ತಪ್ಪುತ್ತದೆ, ಕೆಲವರಿಗೆ ಮೂಗಿನಲ್ಲಿ ನೀರು ಹೋಗುತ್ತದೆ. ಸಪ್ನಾಳದು ಹಾಗಲ್ಲ. ಕೊಳದ ನಡುವೆ, ಗೋಡೆಯಿಲ್ಲದ ಕಡೆ, ಅವಳ ಪಲ್ಟಿ ಎಲ್ಲರಿಗಿಂತ ಚೆಂದ. ಗೋಡೆ ಬಂದರೆ ಮಾತ್ರ ತಲೆ ಎತ್ತಿ ದಂಡೆಯ ಮೇಲೆ ಯಾರನ್ನೋ ಹುಡುಕುತ್ತಾಳೆ. ಪಾದ ಊರುವ ಕ್ಷಣದಲ್ಲಿ ಮೊಣಕಾಲು ಮೆತ್ತಗಾಗುತ್ತದೆ. ಹೆದರಿದವರು ಹಾಗೆ ಮಾಡುವುದಿಲ್ಲ. ಮಲಗಿದ ಮಗುವಿನ ಪಕ್ಕದಲ್ಲಿ ಹೆಜ್ಜೆ ಇಡುವವರು ಹಾಗೆ ಮಾಡುತ್ತಾರೆ.

ಅವಳನ್ನು ಕೇಳಿದೆ. "ಏನಿಲ್ರಿ ಮೇಡಂ" ಅನ್ನುತ್ತಾಳೆ. ಅವಳು ಮೊದಲು ಈಜು ಕಲಿತದ್ದು ಎಲ್ಲಿ? ಕಲಿಸಿದವರು ಯಾರು? ಗೋಡೆ ಮುಟ್ಟಬೇಡ ಎಂದು ಯಾರಾದರೂ ಹೇಳಿದ್ದರೇನು? ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಡಿಸೆಂಬರಿಗೆ ಹೆಚ್ಚು ದಿನ ಉಳಿದಿಲ್ಲ. ಇಂಥ ಹುಡುಗಿಯನ್ನು ಮನೆಗೆ ಕಳಿಸಲು ನನಗೆ ಇಷ್ಟವಿಲ್ಲ.

ತರನ್ನುಮ


ವಿಜಯಪುರ
2 ಸೆಪ್ಟೆಂಬರ್ 2025

ಶ್ರೀಮತಿ ತರನ್ನುಮ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ತಲುಪಿ ಆರು ದಿನವಾಯಿತು. ತಡಕ್ಕೆ ಕ್ಷಮೆ ಇರಲಿ.

ಸಪ್ನಾ ಈಜು ಕಲಿತದ್ದು ತಿಕೋಟಾ ಆಚೆಗಿನ ಹೊನವಾಡದಲ್ಲಿ, ಒಂದು ದ್ರಾಕ್ಷಿ ತೋಟದ ಕೃಷಿ ಹೊಂಡದಲ್ಲಿ. ನಮ್ಮ ಕಡೆ ಇಂಥ ಹೊಂಡಗಳು ಬಹಳ. ಕಾಲುವೆಯ ನೀರನ್ನು, ಮಳೆಯ ನೀರನ್ನು ತುಂಬಿಟ್ಟು ಬೇಸಿಗೆಯಲ್ಲಿ ಬಳ್ಳಿಗೆ ಬಿಡುತ್ತಾರೆ. ನೀರು ಇಂಗಬಾರದೆಂದು ತಳಕ್ಕೂ ಇಳಿಜಾರು ದಂಡೆಗೂ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಬಹಳ ಜಾರುತ್ತದೆ. ಇಳಿದವರು ಹತ್ತಿ ಬರಲು ಹಗ್ಗ ಬಿಟ್ಟಿರುತ್ತಾರೆ. ತೋಟದ ಮಾಲೀಕರು ಶಿವಶರಣಪ್ಪ ಎಂದು, ನಮ್ಮ ಯಜಮಾನರು ಅವರ ಪಂಪು ದುರಸ್ತಿ ಮಾಡುತ್ತಿದ್ದರು. ಆ ಸಲಿಗೆಯಲ್ಲಿ ಮೂರು ಬೇಸಿಗೆ ಭಾನುವಾರಗಳಂದು ಮಗಳು ಅಲ್ಲಿ ಈಜಿದಳು.

ಹಾಳೆ ಹರಿದರೆ ಹೊಂಡದ ನೀರೆಲ್ಲ ಹೋಗುತ್ತದೆ. ಆದ್ದರಿಂದ ದಂಡೆಗೆ ಕಾಲು ಊರಬಾರದು, ಒದೆಯಬಾರದು, ಹಗ್ಗ ಎಲ್ಲಿದೆ ನೋಡಿಕೊಂಡು ಮೊದಲೇ ತಿರುಗಬೇಕು ಎಂದು ಮಾಲೀಕರು ಹೇಳುತ್ತಿದ್ದರು. ಸದ್ದು ಮಾಡಬಾರದು ಎಂದೂ. ಅದೇ ರೂಢಿಯಾಗಿರಬೇಕು.

ಇಷ್ಟು ತಿಳಿದರೆ ನಿಮಗೆ ದಾರಿ ಕಾಣಬಹುದು.

ಮಹಾನಂದಾ


ಬೆಳಗಾವಿ
20 ಸೆಪ್ಟೆಂಬರ್ 2025

ಅವ್ವಾ,

ನೀನು ಬರೆದದ್ದನ್ನು ಮೇಡಂ ನನಗೆ ಓದಿ ಹೇಳಿದರು. ಒದೆಯಬೇಡ ಎಂದು ಹೊನವಾಡದ ಕಾಕಾ ಹೇಳುತ್ತಿದ್ದರಾ? ಯಾವಾಗ? ಕಾಕಾ ನನ್ನನ್ನು ಮೀನ ಎಂದು ಕರೆಯುತ್ತಿದ್ದರು. "ಮೀನ ಬಂತು, ಮೀನ ಬಂತು" ಎಂದು ಗೇಟಿನಲ್ಲೇ ಕೂಗುತ್ತಿದ್ದರು. ಅವರು ಒಂದು ದಿನವೂ ಏನೂ ಹೇಳಲಿಲ್ಲ. ಹೇಳಿದವರು ಯಾರು ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಮೇಡಂ ಓದಿ ಮುಗಿಸಿ, "ಹೌದೇನು?" ಎಂದರು. "ಹೌದ್ರಿ" ಅಂದೆ. ನಿನ್ನ ಸುಳ್ಳಿಗೆ ನಾನು ಹೌದು ಅನ್ನಬೇಕಾಯಿತು.

ಭಾನುವಾರ ಫೋನು ಮಾಡಿದರೆ ಅಪ್ಪನ ಕೈಗೆ ಕೊಡು. ಬರೆಯುವುದಕ್ಕೂ ನನಗೆ ಪುರಸೊತ್ತಿಲ್ಲ, ಅಭ್ಯಾಸ ಜಾಸ್ತಿ ಇದೆ.

ಸಪ್ನಾ


ವಿಜಯಪುರ
2 ನವೆಂಬರ್ 2025

ಸಪ್ನಾ,

ಆರು ಭಾನುವಾರ ನಿಮ್ಮಪ್ಪ ನಿನ್ನೊಡನೆ ಮಾತಾಡುವಾಗ ಅಡಿಗೆ ಮನೆಯಲ್ಲಿ ಕಿವಿಗೊಟ್ಟು ನಿಂತಿದ್ದೇನೆ. "ಊಟ ಆತೇನು", "ಆತು". ಅವರೂ ನನ್ನ ಹಾಗೇ.

ಈ ಅವಧಿಯಲ್ಲಿ ನಿನಗೆ ನಾಲ್ಕು ಪತ್ರ ಬರೆದು ಹರಿದೆ. ಪ್ರತಿಯೊಂದರಲ್ಲೂ ಕವಿತೆ ಇತ್ತು, ಉಸಿರಾಟ ಇತ್ತು, ಆ ದಿನ ಇರಲಿಲ್ಲ. ನಿನ್ನೆ ರಜೆ ಇತ್ತು. ಬೆಳಿಗ್ಗೆ ತಿಕೋಟಾಕ್ಕೆ ಹೋಗಿ, ಅಲ್ಲಿಂದ ಹೊನವಾಡದ ಬಸ್ಸು ಹಿಡಿದೆ. ಒಬ್ಬಳೇ. ನಿಮ್ಮಪ್ಪ, "ನಾನೂ ಬರ್ಲೇನು?" ಎಂದರು. ಬೇಡ ಅಂದೆ.

ಹಳೆಯ ಕಡ್ಡಿ ಕತ್ತರಿಸುವ ಚಾಟ್ನಿ ಮುಗಿದು ಬಳ್ಳಿಗಳೆಲ್ಲ ಹೊಸ ಚಿಗುರು ಬಿಟ್ಟಿವೆ. ಶಿವಶರಣಪ್ಪನವರು ಚಿಗುರು ಕಟ್ಟಿಸುತ್ತಿದ್ದವರು ನನ್ನನ್ನು ನೋಡಿ ದೂರದಿಂದಲೇ ಕೂಗಿದರು: "ಏನ್ರಿ ಅಕ್ಕಾರ, ಮೂರ ವರ್ಷದ ಮ್ಯಾಲ ದಾರಿ ನೆನಪಾತೇನ್ರಿ? ಎಲ್ಲಿ ನಮ್ಮ ಮೀನ?"

ಬೆಳಗಾವಿಯಲ್ಲಿದ್ದಾಳೆ ಅಂದೆ. ಅವರ ಹೆಂಡತಿ ಗೌರಾಬಾಯಿ ಚಹಾ ತಂದು ಎದುರಿಗೆ ಕೂತರು. ನಾನು ಸುತ್ತಿ ಬಳಸಿ ಕೇಳಿದೆ, ಹಾಳೆಗೆ ಒದೆಯಬೇಡಿ ಎಂದು ನೀವು ಮಕ್ಕಳಿಗೆ ಯಾವಾಗಲಾದರೂ ಹೇಳಿದ್ದಿರಾ ಎಂದು.

"ನಾನ್ಯಾಕ ಹೇಳ್ಲಿರಿ? ನಮ್ಮ ಎಮ್ಮಿ ಎರಡ ಸಲ ಬಿದ್ದು ಎದ್ದು ಬಂದೈತಿ, ಆ ಹಾಳಿ ಜುಮ್ ಅಂದಿಲ್ಲ. ಕೂಸಿನ ಕಾಲಿಗೆ ಹರೀತೈತೇನ್ರಿ?"

ಗೌರಾಬಾಯಿ ಅವರ ಮಾತನ್ನು ತಡೆದರು. "ನೀವು ಸುಮ್ಕಿರ್ರಿ. ಅಕ್ಕಾ, ಒಂದ ಮಾತ ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ. ಅವತ್ತ ಆ ಕೂಸಿಗೆ ಹೊಡದಿ ನೋಡ, ನನಗ ಎರಡ ದಿನ ಊಟ ಸೇರಲಿಲ್ಲ. ನಿನಗ ಯಾರ ಏನ ಅಂದಿದ್ರು?"

ಯಾರೂ ಏನೂ ಅಂದಿರಲಿಲ್ಲ, ಸಪ್ನಾ. 2022ರ ಏಪ್ರಿಲ್. ನಿನಗೆ ಹತ್ತು ವರ್ಷ. ಶಿವಶರಣಪ್ಪನವರು ದಂಡೆಗೆ ಬಂದು, "ಹ್ವಾದ ವಾರಕ್ಕ ನೋಡಿದ್ರ ನೀರ ಒಂದ ಗೇಣ ಇಳದೈತಿ, ಎಲ್ಲೋ ಹರದಿರಬೇಕು" ಎಂದರು. ಅವರು ಹೇಳಿದ್ದು ನಿಮ್ಮಪ್ಪನಿಗೆ, ಪಂಪಿನವರು ಎಂದು. ಅವರ ಮಾತು ಮುಗಿಯುವ ಮೊದಲೇ ನಾನು ಹಗ್ಗ ಹಿಡಿದು ಹತ್ತುತ್ತಿದ್ದ ನಿನ್ನನ್ನು ಎಳೆದು ಕೆನ್ನೆಗೆ ಹೊಡೆದೆ. ತೋಟದ ಆಳುಗಳು, ಗೌರಾಬಾಯಿ, ಅವರ ಮಕ್ಕಳು, ಎಲ್ಲರ ಎದುರಿಗೆ. "ಒದೀಬ್ಯಾಡ ಅಂದಿದ್ನೋ ಇಲ್ಲೋ?" ಎಂದೆ. ನೀನು ಅಳಲಿಲ್ಲ. ಉಸಿರು ಹಿಡಿದುಕೊಂಡು ನಿಂತೆ. ನಾನು ಹೊಡೆದದ್ದು ನಿನ್ನನ್ನು, ತೋರಿಸಿದ್ದು ಅವರಿಗೆ.

ಒದೆಯಬೇಡ, ಸದ್ದು ಮಾಡಬೇಡ, ಗುಳ್ಳೆ ಎಬ್ಬಿಸಬೇಡ, ದಂಡೆ ಬಂದರೆ ನನ್ನ ಮುಖ ನೋಡು. ಇವೆಲ್ಲ ನನ್ನ ನಿಯಮಗಳು. ನಿನ್ನ ಅಜ್ಜಿ, ನನ್ನವ್ವ ರುಕ್ಮವ್ವ, ಊರ ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಕೊಡ ಇಟ್ಟು ನಿಲ್ಲುತ್ತಿದ್ದಳು. ಯಾರಾದರೂ ಸೇದಿ ಹೊಯ್ದರೆ ನೀರು, ಇಲ್ಲದಿದ್ದರೆ ಬಿಸಿಲು. ನಾನು ಅವಳ ಸೆರಗು ಹಿಡಿದು ನಿಂತವಳು. ಇಷ್ಟು ಓದಿದ ಮೇಲೂ, ಆ ಮನೆಯವರು "ಬರ್ರಿ, ಈಜ್ಲಿ" ಎಂದು ಬಾಯಿ ತುಂಬ ಕರೆದ ಮೇಲೂ, ಆ ಹತ್ತು ಹೆಜ್ಜೆಯನ್ನು ನಾನೇ ಹೊತ್ತು ತಂದು ನಿನ್ನ ಮತ್ತು ದಂಡೆಯ ನಡುವೆ ಇಟ್ಟೆ.

ಇನ್ನೂ ಒಂದಿದೆ. ಇದನ್ನು ಬರೆಯಲಾಗದೆ ನಾಲ್ಕು ಪತ್ರ ಹರಿದದ್ದು. ಮರುದಿನ ನಿಮ್ಮಪ್ಪ ಹೊಂಡಕ್ಕೆ ಇಳಿದು ಹಾಳೆಗೆ ತೇಪೆ ಹಾಕಿ ಬಂದರು. ಹರಿದದ್ದು ಪೈಪು ಇಳಿಯುವ ಮೂಲೆಯಲ್ಲಿ. ಅವರ ನಾಯಿ ಮೋತ್ಯಾ ಬಿದ್ದು, ಹತ್ತಲಾಗದೆ ಪರಚಿದ ಉಗುರಿನ ಗೆರೆಗಳು ಸುತ್ತಲೂ ಇದ್ದವಂತೆ. "ಅಕಿ ಮಾಡಿದ್ದಲ್ಲ. ಅಕಿಗೆ ಹೇಳೂನು" ಎಂದರು ನಿಮ್ಮಪ್ಪ. "ಬ್ಯಾಡ್ರಿ, ಮರೀತಾಳ" ಎಂದೆ. ಮರೆಯಬೇಕಾಗಿದ್ದವಳು ನಾನು. ಆಮೇಲೆ ನಾವು ಅಲ್ಲಿಗೆ ಹೋಗಲಿಲ್ಲ. ನಗರದ ಕೊಳಕ್ಕೆ ನಿನ್ನ ಹೆಸರು ಹಚ್ಚಿದೆ, ಚೆನ್ನಾಗಿ ಕಲಿಯುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡೆ. ಮೂರು ವರ್ಷ ನಿನಗೆ ಹೇಳದೆ ಉಳಿಸಿಕೊಂಡೆ.

ನಿನ್ನೆ ಹೊಂಡದ ದಂಡೆಗೆ ಹೋದೆ. ಚಪ್ಪಲಿ ಬಿಟ್ಟು, ಹಗ್ಗ ಹಿಡಿದು ಕೂತು, ಕಾಲು ಚಾಚಿ ಹಾಳೆಗೆ ಒಂದು ಸಲ ಒದ್ದೆ. ಸೀರೆ ಮೊಣಕಾಲ ತನಕ ನೆನೆಯಿತು. ಗೌರಾಬಾಯಿ, "ಅಯ್ಯ, ಬಿದ್ದಿ ಬೇ!" ಎಂದು ರಟ್ಟೆ ಹಿಡಿದರು. ಶಿವಶರಣಪ್ಪನವರು ಹಿಂದೆ ನಿಂತು, "ಇನ್ನೊಂದ ಒದೀರಿ ಅಕ್ಕಾರ, ಸಿಟ್ಟ ಹ್ವಾಗ್ಲಿ" ಎಂದರು. ಒದ್ದೆ. ಹಾಳೆಗೆ ಏನೂ ಆಗಲಿಲ್ಲ.

ತರನ್ನುಮ ಅವರಿಗೂ ಇವತ್ತೇ ಬರೆಯುತ್ತಿದ್ದೇನೆ, ಹೇಳಿದ್ದು ಶಿವಶರಣಪ್ಪನವರಲ್ಲ, ನಾನು ಎಂದು. ನೀನು ಉತ್ತರ ಬರೆಯಬೇಕೆಂದಿಲ್ಲ.

ಮಹಾನಂದಾ


ಬೆಳಗಾವಿ
23 ನವೆಂಬರ್ 2025

ಅವ್ವಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಒಂದು ಸಲ ಬಾತ್‌ರೂಮಿನಲ್ಲಿ, ಯಾಕೆಂದು ಕೇಳಬೇಡ.

ನೀನು ತಿಳಿದದ್ದೂ ತಪ್ಪು. ನಾನು ಅವತ್ತು ಒದ್ದಿದ್ದೆ.

ಎರಡು ಸಲ. ನೀನು ಗೌರಾಬಾಯಿ ಕಾಕೂ ಜೊತೆ ಹಪ್ಪಳ ಒಣಹಾಕುತ್ತಿದ್ದೆ, ನೋಡಲಿಲ್ಲ. ಅವರ ಮಕ್ಕಳೆಲ್ಲ ಒದೆಯುತ್ತಾರೆ, ಹೇಗಿರುತ್ತದೆ ನೋಡೋಣ ಎಂದು ಎರಡೂ ಕಾಲು ಊರಿ ಒದ್ದೆ. ಎಷ್ಟು ದೂರ ಹೋದೆ ಗೊತ್ತಾ? ಕೈ ಆಡಿಸದೆ ಅರ್ಧ ಹೊಂಡ. ಕಿವಿಯಲ್ಲಿ ಬರೀ ನೀರು. ಯಾರೋ ಎತ್ತಿ ಎಸೆದ ಹಾಗಿತ್ತು. ಅದಕ್ಕೇ ಇನ್ನೊಂದು ಸಲ ಒದ್ದೆ. ಆಮೇಲೆ ಕಾಕಾ ಬಂದು ನೀರು ಇಳಿದಿದೆ ಅಂದರು, ನೀನು ಹೊಡೆದೆ. ಅವ್ವ ಸರಿಯಾಗಿಯೇ ಹೊಡೆದಳು ಅಂದುಕೊಂಡೆ. ಆ ವರ್ಷ ಅವರ ದ್ರಾಕ್ಷಿ ಒಣಗುತ್ತದೆ, ನನ್ನಿಂದ, ಎಂದು ದಿನಾ ಅನ್ನಿಸುತ್ತಿತ್ತು. ನಿಮ್ಮಿಬ್ಬರನ್ನೂ ಕೇಳಲು ಧೈರ್ಯ ಇರಲಿಲ್ಲ. ಅವರ ತೋಟದ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದೆ.

ಆದರೆ ನಾನು ಒದ್ದದ್ದು ಬೇವಿನ ಗಿಡದ ಕಡೆ. ಪೈಪು ಇರುವುದು ಅದರ ಎದುರು ಮೂಲೆಗೆ. ನೀನು ಬರೆದ ಮೇಲೆ ಹೊಂಡದ ಚಿತ್ರ ಬರೆದು ನೋಡಿದೆ. ನನ್ನ ಒದೆತದಿಂದ ಏನೂ ಹರಿದಿರಲಿಲ್ಲ!

ಇದನ್ನು ಮೇಡಂಗೆ ಹೇಳಿದೆ. ಅವರು ಪಾಠ ಏನೂ ಹೇಳಲಿಲ್ಲ. ಅವತ್ತು ಈಜೇ ಇಲ್ಲ, ಬರೀ ಗೋಡೆ ಹಿಡಿದು ಒದೆಯುವುದು, ಐವತ್ತು ಸಲ. "ಅದು ಅಳೂತನಕ ಒದಿ" ಅಂದರು. ಮೂವತ್ತಾದ ಮೇಲೆ ಅಳು ಬಂದದ್ದು ನನಗೆ. ನೀರಿನೊಳಗೇ ಅತ್ತೆ, ಹಾಗಾಗಿ ಉಸಿರೂ ನೀರಿನೊಳಗೇ ಹೋಯಿತು. ಮೇಡಂ ಮೇಲಿಂದ, "ಹಾಂ, ಈಗ ಗುಳ್ಳಿ ಬಂದ್ವು ನೋಡ!" ಎಂದು ಕೂಗಿದರು.

ಈಗ ಎರಡು ಇಪ್ಪತ್ತಾರು ಆಗಿದೆ. ಇನ್ನೂ ಸಾಲದು. ಮೂರು ತಿರುವಿನಲ್ಲಿ ಒಂದು ಕೆಡುತ್ತದೆ, ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲ.

ಆಯ್ಕೆ ಸ್ಪರ್ಧೆ ಡಿಸೆಂಬರ್ 14ಕ್ಕೆ ಬೆಂಗಳೂರಿನಲ್ಲಿ. ಅಪ್ಪ ಬರಲಿ. ನೀನು ಬರಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ದಂಡೆಯ ಮೇಲೆ ನೀನಿದ್ದರೆ ನಾನು ತಲೆ ಎತ್ತುತ್ತೇನೆ.

ಹೋಳಿಗೆ ಅಪ್ಪನ ಕೈಯಲ್ಲಿ ಕಳಿಸು. ಪುಸ್ತಕದಲ್ಲಿ.

ನಿನ್ನ
ಸಪ್ನಾ


ವಿಜಯಪುರ
14 ಡಿಸೆಂಬರ್ 2025

ಪ್ರೀತಿಯ ಸಪ್ನಾ,

ಹನ್ನೊಂದು ಗಂಟೆಗೆ ನಿನ್ನ ಸರದಿ ಎಂದು ನಿಮ್ಮಪ್ಪ ಫೋನು ಮಾಡಿ ಹೇಳಿದರು. ಈಗ ಹತ್ತೂ ನಲವತ್ತು. ಸ್ಪರ್ಧೆಯನ್ನು ಇಂಟರ್ನೆಟ್ಟಿನಲ್ಲಿ ತೋರಿಸುತ್ತಾರಂತೆ, ನೀಲಾಬಾಯಿ ತನ್ನ ದೊಡ್ಡ ಟಿವಿಗೆ ಹಚ್ಚಿಸಿಕೊಂಡು ಮುಂಜಾನೆಯಿಂದ ಯಾರ್ಯಾರದೋ ಮಕ್ಕಳಿಗೆಲ್ಲ ಶಾಬಾಸ್ ಹೇಳುತ್ತಾ ಕೂತಿದ್ದಾಳೆ. ಎರಡು ಸಲ ಕರೆದಳು. ಹೋಗಲಿಲ್ಲ. ಟಿವಿಯೊಳಗಿಂದ ನಾನು ನಿನಗೆ ಕಾಣುವುದಿಲ್ಲ ಎಂದು ಗೊತ್ತು. ಆದರೂ.

ಮೂರು ಸಲ ಅಂಗಳ ಗುಡಿಸಿದೆ. ಹೊಯ್ದ ಹಾಲನ್ನೇ ಮತ್ತೆ ಪಾತ್ರೆಯಿಂದ ಪಾತ್ರೆಗೆ ಹೊಯ್ದೆ. ಗೋಳಗುಮ್ಮಟದ ಕಡೆ ಹೊರಟ ಪ್ರವಾಸಿಗಳ ಬಸ್ಸೊಂದು ನಮ್ಮ ಓಣಿಯ ತುದಿಯಲ್ಲಿ ಸಿಕ್ಕಿಕೊಂಡು ಹಾರ್ನು ಹೊಡೆಯುತ್ತಿದೆ, ಮಕ್ಕಳು ಕಿಟಕಿಯಿಂದ ಕೂಗುತ್ತಿದ್ದಾರೆ. ಕಡೆಗೆ ಹೊಸ್ತಿಲಿಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನೀನು ಒದ್ದಿದ್ದೆ ಎಂದು ಓದಿದ ದಿನ ನನಗೆ ಮೊದಲು ಬಂದದ್ದು ಏನು ಗೊತ್ತೇ? ನಗು. ಅಂಗಡಿಗೆ ಹೋಗಿ ನಿಮ್ಮಪ್ಪನಿಗೆ ಹೇಳಿದೆ. ಅವರು ಗ್ರೀಸಿನ ಕೈಯಿಂದಲೇ ಕಣ್ಣು ಒರೆಸಿಕೊಂಡು, "ಅರ್ಧ ಹೊಂಡ ಹೋಗಿದ್ಲಂತೇನು?" ಎಂದು ಎರಡೆರಡು ಸಲ ಕೇಳಿದರು. ಮುಖಕ್ಕೆಲ್ಲ ಕಪ್ಪು. ಆ ರಾತ್ರಿಯೇ ನನಗೆ ಅಳು ಬಂತು, ಆ ಅರ್ಧ ಹೊಂಡದ ಸಂತೋಷವನ್ನು ನೀನು ಯಾರಿಗೂ ಹೇಳದೆ ಮೂರು ವರ್ಷ ಇಟ್ಟುಕೊಂಡದ್ದಕ್ಕೆ.

ಇವತ್ತು ಬೇಕಾದ ಸಮಯ ಬಂದರೆ ನೀನು ಅಲ್ಲಿ ಉಳಿಯುತ್ತೀ. ಬರದಿದ್ದರೆ ಇಲ್ಲಿಗೆ ಬರುತ್ತೀ. ನೀನು ಮನೆಗೇ ಬಂದರೆ ಒಳ್ಳೆಯದು ಎಂದು ನನ್ನೊಳಗೆ ಒಬ್ಬಳು ಇಷ್ಟು ದಿನ ಕೂತಿದ್ದಳು, ಅವಳನ್ನು ನಿನಗೆ ತೋರಿಸಿರಲಿಲ್ಲ. ಅವಳೂ ಈಗ ಉಗುರು ಕಚ್ಚುತ್ತಿದ್ದಾಳೆ. ಅವಳಿಗೂ ನೀನು ಒದೆಯುವುದೇ ಬೇಕಾಗಿದೆ.

ಹನ್ನೊಂದು ಆಗುತ್ತಾ ಬಂತು. ಇನ್ನು ಬರೆಯಲಾರೆ.

ನಿನ್ನ ಅವ್ವ,
ಮಹಾನಂದಾ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ನೀಲಾಬಾಯಿಯ ಟಿವಿ ಅವಳ ಬಾಗಿಲಿಗೆ ಎದುರಾಗಿದೆ, ಅವಳ ಬಾಗಿಲಿಗೂ ನಮ್ಮದಕ್ಕೂ ನಾಲ್ಕು ಹೆಜ್ಜೆ. "ಜಿಗದ್ಲು!" ಎಂದು ಕೂಗಿದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿ ಎಣಿಸತೊಡಗಿದೆ. ಮೂವತ್ತು ದಾಟಿತು. ಈಗ ಬಾವುಟ ಬಂದಿರಬೇಕು ಅಂದುಕೊಂಡೆ. ಅಷ್ಟರಲ್ಲಿ ನೀಲಾಬಾಯಿ ಸೆರಗು ಜಾರಿದ್ದೂ ತಿಳಿಯದೆ ಓಡಿಬಂದು, ನಮ್ಮ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಾ ಹೇಳಿದಳು:

"ಏಳ ಬೇ ಮಹಾನಂದಾ, ಲಗೂನ ಬಾ! ನಿನ್ನ ಮಗಳು ಗ್ವಾಡಿಗೆ ಜಾಡಿಸಿ ಒದ್ಲು ನೋಡ, ಒದ್ದು ನೀರಾಗ ಬಾಣದಂಗ ಹೋದಾಕಿ ಇನ್ನೂ ಮ್ಯಾಲ ಎದ್ದಿಲ್ಲ!"